ಗಾಡಿ ತಿರುಗಿಸಿದ ಜಾಗ

ನನ್ನ ಬೈಕು ಓಣಿಗೆ ಬಂತೆಂದರೆ ಸಾಕು, ಜನರಿಗೆ ಎಮ್ಮೆಗೆ ನೀರು ಕುಡಿಸುವುದು ನೆನಪಾಗುತ್ತದೆ. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತವರು ಎದ್ದು ಹಿತ್ತಲಿಗೆ ನಡೆಯುತ್ತಾರೆ. ಬಾಗಿಲಲ್ಲಿ ಸಣ್ಣ ಹುಡುಗಿಯೊಬ್ಬಳು ಬಂದು ನಿಂತು, "ಅಪ್ಪ ಊರಾಗ ಇಲ್ಲಂತ ಹೇಳು ಅಂದಾನ್ರಿ" ಎನ್ನುತ್ತಾಳೆ. ಇಪ್ಪತ್ತೆರಡು ವರ್ಷದಿಂದ ನಾನು ವಿಮೆ ಏಜೆಂಟ್. ಮನೆ ಗೋಕಾಕದಲ್ಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ನಾನು ಚಹಾ ಕುಡಿಯದ ಊರಿಲ್ಲ, ಬೈಸಿಕೊಳ್ಳದ ಊರೂ ಇಲ್ಲ.

ನಾನು ಸ್ವಲ್ಪ ಸಿಟ್ಟಿನ ಮನುಷ್ಯ. ಹಿತ್ತಲಿಗೆ ಹೋದವನನ್ನು ಅಲ್ಲಿಯೇ ಹೋಗಿ ಹಿಡಿಯುತ್ತೇನೆ. "ಮನಿಗೆ ಬೆಂಕಿ ಬಿದ್ದಾಗ ಬಾವಿ ತೋಡಾಕ ಹೋಗಬ್ಯಾಡ್ರಿ" ಎಂಬ ಗಾದೆಯನ್ನು ದಿನಕ್ಕೆ ಹತ್ತು ಸಲವಾದರೂ ಹೇಳುತ್ತೇನೆ. ನೀನು ಇಲ್ಲದಾಗಲೂ ನಿನ್ನ ಮನೆಯವರ ತಲೆಯ ಮೇಲೆ ಒಂದು ಕೈ ಇರುತ್ತದೆ, ವಿಮೆ ಎಂದರೆ ಇಷ್ಟೇ ನೋಡಪಾ ಎಂದು ಬಿಡಿಸಿ ಹೇಳುತ್ತೇನೆ. ನಾನು ಅದನ್ನು ನಂಬಿದ್ದೆ. ಈಗಲೂ ಬಹಳಷ್ಟು ನಂಬುತ್ತೇನೆ. ಆದರೆ ಮೂಡಲಗಿಯಿಂದ ಗೋಕಾಕಕ್ಕೆ ಬರುವಾಗ ಕಾಲುವೆ ದಾಟಿದ ಮೇಲೆ ರಸ್ತೆಯ ಎಡಕ್ಕೆ ಒಂದು ಬೇವಿನ ಗಿಡ ಇದೆ. ಅದು ಹತ್ತಿರ ಬಂದಾಗ ನನ್ನ ಬೈಕು ತಾನಾಗಿ ಜೋರಾಗುತ್ತದೆ. ಆ ಗಿಡದ ಬಳಿ ನಿಧಾನವಾಗಿ ಹೋಗಲು ನನಗೆ ಧೈರ್ಯ ಸಾಲುವುದಿಲ್ಲ.

ಅದನ್ನು ಹೇಳುವ ಮೊದಲು ಬೆಲ್ಲದ ಬಾಗೇವಾಡಿಯ ಒಂದು ಮನೆಯ ಸಂಗತಿ ಹೇಳಬೇಕು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿ ಹೂಳುತ್ತೇವೆ. ಉಸಿರು ನಿಂತ ಕೂಡಲೇ ಮನೆಯ ಹಿರಿಯರು ಅಳುವುದಕ್ಕೂ ಮುಂಚೆ ಮಾಡುವ ಕೆಲಸವೆಂದರೆ ಕಾಲು ಮಡಚುವುದು. ತಡವಾದರೆ ಮೈ ಸೆಟೆಯುತ್ತದೆ, ಆಮೇಲೆ ಕೂರುವುದಿಲ್ಲ. ಮೀಯಿಸಿ, ಮೈತುಂಬ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಡುತ್ತಾರೆ. ಪೂಜೆಗೆ ಕುಳಿತ ಹಾಗೆಯೇ ಕುಳಿತು ಹೋಗಬೇಕು ಮನುಷ್ಯ. ಇದು ಎಲ್ಲಿ ಬರೆದಿದೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಬಾಗೇವಾಡಿಯ ಆ ಮನೆಯ ಒಬ್ಬನೇ ಮಗ ಟ್ರ್ಯಾಕ್ಟರ್ ಮಗುಚಿ ಸತ್ತ. ಅವನ ಪಾಲಿಸಿ ಮಾಡಿಸಿದವನು ನಾನೇ. ಅಪಘಾತದಲ್ಲಿ ಸತ್ತರೆ ಎರಡು ಪಟ್ಟು ಬರುತ್ತದೆ, ಆದರೆ ಪೋಸ್ಟ್‌ಮಾರ್ಟಮ್ ಆಗಿರಬೇಕು. ಅವನಿಗೆ ಎಳೆಯ ಹೆಂಡತಿ, ಕೈಗೂಸು. ಮನೆಯವರು ಬೇಡ ಬೇಡವೆಂದರೂ ಕೇಳದೆ ನಾನೇ ಮುಂದೆ ನಿಂತು, ಜಗಳವಾಡಿ, ಹೆಣವನ್ನು ಹುಕ್ಕೇರಿಗೆ ಕಳಿಸಿದೆ. ವಾಪಸು ಬಂದಾಗ ಹೊತ್ತು ಇಳಿದಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಅವನು ನೆಟ್ಟಗೆ ಹಲಗೆಯಾಗಿದ್ದ. ಅಪ್ಪ ಮೊಣಕಾಲಿಗೆ ಬಿಸಿನೀರು ಹಾಕಿ ತಿಕ್ಕಿದ. ಇಬ್ಬರು ಹಿಡಿದು ಒತ್ತಿದರು. ಮಡಚಲಿಲ್ಲ. ಕೂರಿಸಲೆಂದು ತೋಡಿದ್ದ ಚೌಕನೆಯ ಕುಣಿಯನ್ನು ಮತ್ತೆ ಉದ್ದ ಮಾಡಬೇಕಾಯಿತು. ಗುದ್ದಲಿಯ ಸಪ್ಪಳ ಕೇಳುತ್ತ ನಾವೆಲ್ಲ ಹೆಣದ ಸುತ್ತ ನಿಂತಿದ್ದೆವು.

ಕೆಲವು ತಿಂಗಳಲ್ಲಿ ಕ್ಲೇಮ್ ಪೂರ್ತಿ ಪಾಸಾಯಿತು. ಚೆಕ್ ಹಿಡಿದುಕೊಂಡು ಹೆಮ್ಮೆಯಿಂದಲೇ ಹೋದೆ. ಸೊಸೆ ಒಳಗೆ ಅತ್ತಳು. ಅಪ್ಪ ನನಗೆ ಚಹಾ ಕೊಡಿಸಿದ. ನಾನು ಎದ್ದು ಹೊರಟಾಗ ಬಾಗಿಲವರೆಗೆ ಬಂದು ಒಂದೇ ಮಾತು ಹೇಳಿದ.

"ರೊಕ್ಕ ಬಂತ್ರಿ. ಆದ್ರ ನನ್ನ ಮಗ ಮಲಕೊಂಡು ಹೋದ."

ಅದರಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಹೇಳಿ ಹಗುರಾಗುತ್ತಿದ್ದೆ.

ಅದಾದ ಎರಡು ವರ್ಷಕ್ಕೆ ಮಾಮಾ ನನ್ನ ಹತ್ತಿರ ಪಾಲಿಸಿ ಮಾಡಿಸಿದರು. ಮಾಮಾ ಎಂದರೆ ನನ್ನ ಅಕ್ಕನ ಗಂಡ. ಮೂಡಲಗಿ ಹತ್ತಿರದ ಹಳ್ಳಿ. ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ, ಒಬ್ಬಳೇ ಮಗಳು, ಜೊತೆಗೆ ಮಾಮಾನ ತಾಯಿ. ಆ ಮುದುಕಿಯನ್ನು ಊರೆಲ್ಲ ಆಯಿ ಎಂದು ಕರೆಯುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ. ಮಾಮಾ ನಗಿಸುವ ಮನುಷ್ಯ. ನನ್ನನ್ನು ಕಂಡರೆ ಎದ್ದು ನಿಂತು, "ಯಮಧರ್ಮನ ಕಡಿಂದ ಸಾಹೇಬ್ರು ಬಂದ್ರು, ಚಾ ಇಡ್ರಿ" ಎನ್ನುತ್ತಿದ್ದರು. ಊರವರನ್ನೆಲ್ಲ ಹಿಡಿದು ಸಹಿ ಹಾಕಿಸಿದ ನನಗೆ ನನ್ನ ಮಾಮಾನನ್ನು ಒಪ್ಪಿಸಲು ಆರು ವರ್ಷ ಬೇಕಾಯಿತು. ಮಗಳು ಹತ್ತನೇ ತರಗತಿ ಪಾಸಾಗಿ, ನಾನು ನರ್ಸಿಂಗ್ ಓದುತ್ತೇನೆ ಎಂದು ಹಟ ಹಿಡಿದಾಗ ಅವರೇ ಫೋನ್ ಮಾಡಿ ಕರೆದರು.

ಪಡಸಾಲೆಯಲ್ಲಿ ಕುಳಿತು ಫಾರ್ಮ್ ತುಂಬಿಸಿದೆ. ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಓದಿ ಹೇಳದೆ ನಾನು ಯಾರಿಂದಲೂ ಸಹಿ ಹಾಕಿಸಿಕೊಳ್ಳುವವನಲ್ಲ, ಆ ಒಂದು ಅಹಂಕಾರ ನನಗಿದೆ.

"ಹಾವು ಕಡದ್ರೂ ಆಕ್ಸಿಡೆಂಟ್ ಅಂತ ಹಿಡೀತಾರ ಮಾಮಾ. ಎರಡು ಪಟ್ಟು ಬರತೈತಿ. ಆದ್ರ ಪೋಸ್ಟ್‌ಮಾರ್ಟಮ್ ರಿಪೋರ್ಟ್ ಬೇಕಽ ಬೇಕು" ಎಂದೆ.

"ಅಂದ್ರ ಕೊಯ್ಯೂದು?"

"ಹೂಂ. ಕೊಯ್ಯೂದು."

ಬಾಗೇವಾಡಿಯ ಕತೆಯನ್ನೂ ಹೇಳಿದೆ. ಅಪ್ಪ ಹೇಳಿದ ಮಾತನ್ನೂ ಬಿಡಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

"ಹಾವು ಕಡದಿದ್ದು ಸಾಲದಂತ ಮತ್ತ ನೀವು ಬ್ಯಾರೆ ಕೊಯ್ತೀರಿ" ಎಂದು ಮಾಮಾ ನಕ್ಕು ಸಹಿ ಹಾಕಿದರು. ನಾಮಿನಿ ಅಕ್ಕ. ಅವತ್ತು ಊಟ ಮಾಡಿಸದೆ ನನ್ನನ್ನು ಕಳಿಸಲಿಲ್ಲ.

ಮುಂದಿನ ವರ್ಷವೇ, ಮಳೆಗಾಲದಲ್ಲಿ, ಆ ದಿನ ಬಂತು.

ಕಬ್ಬು ಆಳೆತ್ತರ ಬೆಳೆದಿತ್ತು. ಮಾಮಾ ನಸುಕಿನಲ್ಲಿ ಎದ್ದು ಹೊಲಕ್ಕೆ ನೀರು ತಿರುವಲು ಹೋಗಿ, ಏಳರ ಸುಮಾರಿಗೆ ಮನೆಗೆ ಬಂದರು. ಪಾದದ ಗಿಣ್ಣಿನ ಹತ್ತಿರ ಸಣ್ಣದೊಂದು ಗೀರು. ಕಬ್ಬಿನ ಗರಿಯ ಅಂಚು ಗರಗಸದಂತೆ ಇರುತ್ತದೆ. ನಮ್ಮ ಕಡೆಯ ರೈತರ ಕಾಲು ನೋಡಿದರೆ ಗೀರಿಲ್ಲದ ಜಾಗವೇ ಸಿಗುವುದಿಲ್ಲ. "ಗರಿ ಕೊಯ್ದೈತಿ" ಎಂದರಂತೆ. ನೋವಿಲ್ಲ, ಬಾವಿಲ್ಲ. ಬೇರೆ ಊರಿನವನಾಗಿದ್ದರೆ ಇದೇನು ಎಂದು ಬಗ್ಗಿ ನೋಡುತ್ತಿದ್ದನೇನೋ. ಕಬ್ಬಿನೊಳಗೇ ಬೆಳೆದ ಮಾಮಾ ನೋಡಲಿಲ್ಲ. ಕಚ್ಚಿದರೂ ಗೊತ್ತಾಗದ ಜಾತಿಯ ಹಾವುಗಳಿರುತ್ತವೆ ಎಂದು ನಾನು ಆಮೇಲೆ ತಿಳಿದುಕೊಂಡೆ.

ಚಹಾ ಕುಡಿಯುತ್ತ ಕುಳಿತವರ ರೆಪ್ಪೆಗಳು ಇಳಿಯತೊಡಗಿದವು. "ಮುಂಜಾನೆದ್ದ ಏನ ನಿದ್ದಿ ನಿಮ್ಮದು? ಎದ್ದ ಮಾರಿ ತೊಳಕೊರ್ರಿ" ಎಂದು ಅಕ್ಕ ಗದರಿದಳು. ಮಾಮಾ ನಗುತ್ತ ಬೆರಳಿನಿಂದ ರೆಪ್ಪೆ ಎತ್ತಿ ತೋರಿಸಿ, "ನೋಡ, ನಾ ಎಚ್ಚರನ ಅದೇನಿ" ಎಂದರಂತೆ. ಎರಡನೇ ಸಲ ಎತ್ತಿದ ರೆಪ್ಪೆ ನಿಲ್ಲಲಿಲ್ಲ. ಚಹಾ ಗಂಟಲಿಗೆ ಇಳಿಯದೆ ಮೂಗಿನಿಂದ ಬಂತು. ಮಾತು ದಪ್ಪವಾಯಿತು. ಗದರಿದ ಆ ಮಾತನ್ನು ಅಕ್ಕ ಇವತ್ತಿಗೂ ಮರೆತಿಲ್ಲ.

ಪಕ್ಕದ ಮನೆಯವನ ಕ್ರೂಸರ್ ಗಾಡಿಯಲ್ಲಿ ಮಲಗಿಸಿ ಮೂಡಲಗಿಗೆ ತಂದರು. ಅವತ್ತು ನಾನು ಮೂಡಲಗಿಯಲ್ಲೇ ವಿಮೆಯ ಹಪ್ತೆ ವಸೂಲಿಗೆ ತಿರುಗುತ್ತಿದ್ದೆ. ಫೋನ್ ಬಂದ ಕೂಡಲೇ ದವಾಖಾನೆಗೆ ಓಡಿದೆ. ಅಲ್ಲಿನ ಡಾಕ್ಟರು ನೋಡಿ ಇಂಜೆಕ್ಷನ್ ಕೊಟ್ಟು, ಉಸಿರಾಟದ ಮಷಿನ್ ಬೇಕಾಗುತ್ತದೆ, ನಿಲ್ಲಬೇಡಿ, ನೇರ ಗೋಕಾಕಕ್ಕೆ ಹೋಗಿ ಎಂದರು. ನನ್ನ ಬೈಕನ್ನು ಅಲ್ಲಿಯೇ ಬಿಟ್ಟು ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತೆ. ಹಿಂದೆ ಅಕ್ಕನ ತೊಡೆಯ ಮೇಲೆ ಮಾಮಾನ ತಲೆ. ಕಾಲ ಹತ್ತಿರ ಆಯಿ.

ಅರ್ಧ ದಾರಿಯಲ್ಲಿ ಅಕ್ಕ, "ತಮ್ಮಾ, ಉಸರ ಹತ್ತವಲ್ದು" ಎಂದಳು. ರಸ್ತೆಯ ಬದಿಗೆ ಕಂಡ ಮೊದಲನೇ ದವಾಖಾನೆಯ ಮುಂದೆ ಗಾಡಿ ನಿಲ್ಲಿಸಿದೆವು. ಡಾಕ್ಟರು ಗಾಡಿಯೊಳಗೆ ಹತ್ತಿ, ಮೊಣಕಾಲೂರಿ ಕುಳಿತು, ಎದೆಗೆ ಕಿವಿಕೊಟ್ಟು ಕೇಳಿದರು. ಕಣ್ಣಿಗೆ ಬ್ಯಾಟರಿ ಬಿಟ್ಟರು. ಎದೆ ಒತ್ತಿ ಒತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಕೆಳಗಿಳಿದು ನನ್ನನ್ನು ಬದಿಗೆ ಕರೆದರು.

"ಮುಗದೈತ್ರಿ. ಹಾವಿಂದಽ ಅಂತ ಕಾಣಸ್ತೈತಿ, ಆದ್ರ ಕಣ್ಣಾರೆ ಕಾಣದ ನಾ ಬರದ ಕೊಡಾಕ ಬರೂದಿಲ್ಲ. ಗೋಕಾಕಕ್ಕ ಒಯ್ರಿ. ಅಲ್ಲಿ ಪೋಸ್ಟ್‌ಮಾರ್ಟಮ್ ಮಾಡಿ ರಿಪೋರ್ಟ್ ಕೊಡ್ತಾರ."

ಗಾಡಿ ಮತ್ತೆ ಹೊರಟಿತು. ಯಾರೂ ಅಳಲಿಲ್ಲ. ನಾನು ಹಿಂದೆ ತಿರುಗಿ ನೋಡಲಿಲ್ಲ. ಕಾಲುವೆ ದಾಟಿದೆವು. ಬೇವಿನ ಗಿಡದ ಹತ್ತಿರ ಆಯಿ, "ಗಾಡಿ ನಿಂದ್ರಸು" ಎಂದಳು.

ಗಾಡಿ ನಿಂತಿತು.

"ಎಲ್ಲಿಗೆ ಒಯ್ಯಾಕತ್ತೀರಿ ಅವನ್ನ?"

"ಗೋಕಾಕಕ್ಕ ಆಯಿ" ಎಂದೆ.

"ಇನ್ನ ಅಲ್ಲೇನೈತಿ? ಕೊಯ್ತಾರಲ್ಲ? ಕೊಯ್ದು ಸಂಜಿಗೆ ಕೊಡ್ತಾರ. ಆಗ ಹ್ಯಾಂಗ ಕುಂಡ್ರಿಸಲಿ ಅವನ್ನ? ಇನ್ನಾ ಬೆಚ್ಚಗದಾನೊ ಯಪ್ಪಾ. ನೋಡ ಬಾ, ಬೆಚ್ಚಗದಾನ."

ಗಾಡಿಯ ಕನ್ನಡಿಯಲ್ಲಿ ನನಗೆ ಅವಳ ಕೈ ಮಾತ್ರ ಕಾಣುತ್ತಿತ್ತು. ಆ ಕೈ ಮಾಮಾನ ಬಲಗಾಲಿನ ಮೊಣಕಾಲನ್ನು ಮೆಲ್ಲಗೆ ಮಡಚುತ್ತಿತ್ತು. ತೊಟ್ಟಿಲಿನಿಂದ ಕೂಸನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವಾಗ ಕಾಲು ಮಡಚುತ್ತಾರಲ್ಲ, ಹಾಗೆ. ಅದನ್ನು ನೋಡಲಾರದೆ ನಾನು ಕನ್ನಡಿಯಿಂದ ಕಣ್ಣು ತೆಗೆದು ಮುಂದಿನ ರಸ್ತೆ ನೋಡುತ್ತ ಕುಳಿತೆ. ಎದುರಿಗೆ ಗೋಕಾಕದ ದಾರಿ ಖಾಲಿ ಇತ್ತು.

ನನ್ನ ತಲೆಯಲ್ಲಿ ಎರಡೂ ಇದ್ದವು. ನಿಯಮ ಗೊತ್ತಿತ್ತು, ಆ ನಿಯಮವನ್ನು ಮಾಮಾನಿಗೆ ಓದಿ ಹೇಳಿದವನೇ ನಾನು. ಹಾವನ್ನು ಕಂಡವರಿಲ್ಲ, ಬರೆದು ಕೊಡುವವರಿಲ್ಲ. ಇಲ್ಲಿಂದ ಗಾಡಿ ತಿರುಗಿದರೆ ಕಾಗದದ ಮೇಲೆ ಇದು ಹಾವಿನ ಸಾವಲ್ಲ, ಬರೀ ಸಾವು. ಎರಡನೇ ಪಟ್ಟು ಬರುವುದಿಲ್ಲ, ನರ್ಸಿಂಗಿಗೆ ಹಟ ಹಿಡಿದ ಆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. ಅದರ ಜೊತೆಗೇ ಬಾಗೇವಾಡಿಯ ಅಪ್ಪ, ಬಿಸಿನೀರು, ಕುಣಿಯನ್ನು ಉದ್ದ ಮಾಡುವ ಗುದ್ದಲಿ.

ಅಕ್ಕ ಹಿಂದಿನಿಂದ ಕೇಳಿದಳು. ಅವಳ ದನಿ ಸಣ್ಣದಾಗಿತ್ತು, ಆದರೆ ನಡುಗುತ್ತಿರಲಿಲ್ಲ.

"ತಮ್ಮಾ, ಕೊಯ್ಸದ ಒಯ್ದ್ರ ಮುಂದ ಏನರ ತ್ರಾಸ ಆಗತೈತೇನು?"

ಆ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಆ ಗಾಡಿಯಲ್ಲಿ ನಾನೊಬ್ಬನೇ ಎಂದು ತಿಳಿದಿದ್ದೆ.

"ಇಲ್ಲಕ್ಕಾ" ಎಂದೆ. "ಡಾಕ್ಟರು ನೋಡ್ಯಾರಲ್ಲ, ಅಷ್ಟ ಸಾಕು. ಎರಡೂ ಬರತಾವ. ನಾ ಎಲ್ಲಾ ನೋಡ್ಕೋತೀನಿ."

ಡ್ರೈವರ್ ನನ್ನ ಮುಖ ನೋಡಿ, "ತಿರುಗಸ್ಲೇನ್ರಿ?" ಎಂದ. ತಿರುಗಿಸು ಎಂದೆ. ಬೇವಿನ ಗಿಡದ ಕೆಳಗೆ ಗಾಡಿ ತಿರುಗಿತು.

ಮಾಮಾ ಚೆನ್ನಾಗಿ ಕುಳಿತರು. ಇದನ್ನು ಹೇಳಲೇಬೇಕು. ನಾವು ಫಾರ್ಮ್ ತುಂಬಿಸಿದ ಅದೇ ಪಡಸಾಲೆಯ ಗೋಡೆಗೆ ಒರಗಿ, ಹಣೆಗೆ, ತೋಳಿಗೆ, ಎದೆಗೆ ವಿಭೂತಿ, ಎಡಗೈಯಲ್ಲಿ ಲಿಂಗ. ಅರ್ಧ ಇಳಿದ ರೆಪ್ಪೆಗಳು ಲಿಂಗವನ್ನೇ ನೋಡುತ್ತಿರುವಂತಿದ್ದವು. ಬಂದವರೆಲ್ಲ, "ಹ್ಯಾಂಗ ಕುಂತಾನ ನೋಡ್ರಿ, ಪುಣ್ಯವಂತ" ಎಂದರು. ಅಂಥ ಮಾತು ಕೇಳಿದಾಗಲೆಲ್ಲ ಆಯಿ ತಲೆ ಎತ್ತುತ್ತಿದ್ದಳು. ಭಜನೆಯವರು ಬಂದರು. ಸಂಜೆಗೆ ಮುಂಚೆ ಹೊಲದ ಬದಿಯಲ್ಲಿ ತೋಡಿದ ಕುಣಿಗೆ ಇಳಿಸಿದರು. ಪತ್ರಿ, ವಿಭೂತಿ, ಉಪ್ಪು ಕೊರಳವರೆಗೆ ತುಂಬಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅವತ್ತು ನನಗೆ ನಾನು ಮಾಡಿದ್ದು ಸರಿ ಎನಿಸಿತ್ತು. ದೇವರಾಣೆ ಹಾಗೆಯೇ ಎನಿಸಿತ್ತು.

ಕ್ಲೇಮ್ ಫಾರ್ಮನ್ನು ನನ್ನ ಕೈಯಿಂದಲೇ ತುಂಬಿದೆ. ಸಾವಿಗೆ ಕಾರಣ ಎಂಬಲ್ಲಿ ಹಾವು ಕಡಿತ ಎಂದು ಬರೆದೆ. ಪೋಸ್ಟ್‌ಮಾರ್ಟಮ್ ವರದಿ ಎಂಬಲ್ಲಿ ಒಂದು ಗೆರೆ ಎಳೆದೆ. ಮೊದಲನೇ ಪಟ್ಟು ಬಂತು. ಎರಡನೆಯದಕ್ಕೆ ಪತ್ರ ಬಂತು: ಕಾರಣಕ್ಕೆ ದಾಖಲೆ ಇಲ್ಲ. ಕಂಪನಿಯನ್ನು ಬೈಯಲು ನನಗೆ ಬಾಯಿಲ್ಲ. ಇಷ್ಟು ವರ್ಷ ಅದೇ ಮಾತನ್ನು ಕಟ್ಟೆ ಕಟ್ಟೆಗೆ ಹೋಗಿ ಹೇಳಿದವನು ನಾನು. ಆ ಪತ್ರವನ್ನು ಮಡಚಿ ಬೈಕಿನ ಡಿಕ್ಕಿಯಲ್ಲಿ ಮಳೆಕೋಟಿನ ಕೆಳಗೆ ಇಟ್ಟೆ. ಅಕ್ಕನಿಗೆ, "ಎರಡನೇದು ತಡ ಆಗತೈತಿ, ಮುಂಬೈ ಆಫೀಸಿಗೆ ಹೋಗೈತಿ" ಎಂದೆ.

ಒಂದು ಸುಳ್ಳನ್ನು ಮುಚ್ಚಲು ಹತ್ತು ಸುಳ್ಳು ಬೇಕೆನ್ನುತ್ತಾರೆ. ನನಗೆ ಹತ್ತೂ ಬೇಕಾಗಲಿಲ್ಲ, ಏಕೆಂದರೆ ಅಕ್ಕ ಕೇಳುತ್ತಲೇ ಇರಲಿಲ್ಲ. ಹೋದಾಗಲೆಲ್ಲ ನಾನೇ ಏನೋ ಒಂದು ಹೇಳುತ್ತಿದ್ದೆ. ಆಡಿಟ್ ನಡೆದಿದೆ. ಸಾಹೇಬರು ಬದಲಿಯಾಗಿದ್ದಾರೆ. ಅವಳು "ಆತು ಬಿಡಪಾ, ಬರುವಾಗ ಬರಲಿ" ಎಂದು ತಾಟು ಇಡುತ್ತಿದ್ದಳು. ಅವಳ ನಂಬಿಕೆ ನೋಡಿ ನಾನು ತಾಟಿನಿಂದ ತಲೆ ಎತ್ತದೆ ಉಣ್ಣುತ್ತಿದ್ದೆ. ಒಡಹುಟ್ಟಿದವನ ಮಾತಿಗೆ ಎದುರು ಪ್ರಶ್ನೆ ಇಲ್ಲ ಎಂದುಕೊಂಡು ಗೋಕಾಕಕ್ಕೆ ಮರಳುತ್ತಿದ್ದೆ. ದಾರಿಯಲ್ಲಿ ಆ ಬೇವಿನ ಗಿಡ.

ಬಂದದ್ದು ಮನೆ ನಡೆಸುವುದರಲ್ಲಿ, ಆಯಿಯ ದವಾಖಾನೆಯಲ್ಲಿ ಕರಗಿತು. ಹೊಲವನ್ನು ಅಕ್ಕ ವರ್ಷಕ್ಕಿಷ್ಟೆಂದು ಬೇರೆಯವರಿಗೆ ಲಾವಣಿಗೆ ಕೊಟ್ಟಳು. ಮಗಳು ಪಿಯುಸಿ ಮುಗಿಸಿ, ನರ್ಸಿಂಗ್ ಬಿಟ್ಟು, ಮೂಡಲಗಿಯ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಕ್ಕ ಬೇರೆಯವರ ಕಬ್ಬಿನಲ್ಲಿ ಕೂಲಿಗೆ ಹೋಗತೊಡಗಿದಳು. ನಮ್ಮ ಹೆಣ್ಣುಮಕ್ಕಳು ಕಬ್ಬಿಗೆ ಇಳಿಯುವಾಗ ಗರಿ ತಾಗದಿರಲೆಂದು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಡುತ್ತಾರೆ. ಅಕ್ಕ ಮಾಮಾನ ನೀಲಿ ಅಂಗಿ ತೊಟ್ಟಿದ್ದನ್ನು ಮೊದಲ ಸಲ ನೋಡಿದ ದಿನ ನಾನು ಮಾತಾಡಿಸದೆ ಹೊರಟುಬಂದೆ. ಫಾರ್ಮಿಗೆ ಸಹಿ ಹಾಕಿದ ದಿನ ಮಾಮಾ ತೊಟ್ಟಿದ್ದು ಅದೇ ಅಂಗಿ.

ಹೋದ ವರ್ಷ ಆಯಿ ತೀರಿಕೊಂಡಳು. ವಯಸ್ಸಾಗಿತ್ತು, ನಿದ್ದೆಯಲ್ಲಿ ಹೋದಳು. ಮಗನ ಬಾಜೂದಲ್ಲೇ ಅವಳನ್ನೂ ಕೂರಿಸಿದೆವು. ಅದಾದ ಕೆಲವು ದಿನಕ್ಕೆ ನಾನು ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಾಗ ಮಗಳು ನೀರು ಹಾಕುತ್ತ ಸಹಜವಾಗಿ ಕೇಳಿದಳು.

"ಅಪ್ಪಂದು ಇನ್ನೊಂದು ಬರೂದು ಐತೆಲ್ಲ, ಅದು ಬಂದ್ರ ನಾ ಈ ವರ್ಷರ ಕಾಲೇಜ್ ಸೇರಬಹುದಾ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಸಿಡಿದಳು. "ಉಣ್ಣೂ ಹೊತ್ತಿನ್ಯಾಗ ಅದಽ ಮಾತು. ಸುಮ್ಮ ಕುಂಡ್ರು." ಅಕ್ಕ ಮಗಳಿಗೆ ಹಾಗೆ ಗದರಿದ್ದನ್ನು ನಾನು ನೋಡಿರಲಿಲ್ಲ. ಹುಡುಗಿ ತಂಬಿಗೆ ಇಟ್ಟು ಒಳಗೆ ಹೋದಳು. ನನ್ನ ತಪ್ಪಿಗೆ ಆ ಹುಡುಗಿ ಬೈಸಿಕೊಂಡಿದ್ದಳು. ಅವತ್ತೇ ನಿರ್ಧಾರ ಮಾಡಿದೆ.

ಮರುದಿನ ಡಿಕ್ಕಿಯಲ್ಲಿದ್ದ ಪತ್ರ ತೆಗೆದು ಜೇಬಿನಲ್ಲಿ ಇಟ್ಟುಕೊಂಡು ಹೋದೆ. ಅಕ್ಕ ಹೊಲದಲ್ಲಿದ್ದಳು. ಕಬ್ಬಿನ ಒಣಗಿದ ಗರಿ ಬಿಡಿಸುವ ಕೆಲಸ. ನನ್ನನ್ನು ನೋಡಿ ಹೊರಗೆ ಬಂದು ಬದುವಿನ ಮೇಲೆ ಕುಳಿತಳು. ನೀಲಿ ಅಂಗಿಯ ತೋಳು ಸವೆದು ದಾರ ಬಿಟ್ಟಿತ್ತು. ತಲೆಯ ಸೆರಗಿನಿಂದ ಮುಖ ಒರೆಸಿಕೊಂಡು, "ಏನೊ, ಇಷ್ಟ ಬಿಸಲಾಗ?" ಎಂದಳು.

ಪತ್ರ ತೆಗೆದು ಅವಳ ಮುಂದೆ ಇಟ್ಟೆ. ಎಲ್ಲ ಹೇಳಿದೆ. ಎರಡನೆಯದು ಬರುವುದಿಲ್ಲ ಎಂದು ಮೊದಲೇ ಬರೆದು ಕಳಿಸಿದ್ದಾರೆ ಎಂದೆ. ಮುಂಬೈ ಆಫೀಸು, ಆಡಿಟ್ ಎಲ್ಲ ಸುಳ್ಳು ಎಂದೆ. ಗಾಡಿಯಲ್ಲಿ ಹೇಳಿದ್ದೂ ಸುಳ್ಳು, ಅವತ್ತೇ ನನಗೆ ಗೊತ್ತಿತ್ತು ಎಂದೆ. "ನಿನ್ನ ಮಗಳ ಓದು ನಾ ತಿಂದೆ ಅಕ್ಕಾ" ಎಂದಾಗ ನನ್ನ ದನಿ ಒಡೆಯಿತು. ಐವತ್ತರ ಹತ್ತಿರದ ಗಂಡಸು ಬದುವಿನ ಮೇಲೆ ಕುಳಿತು ಬಿಕ್ಕುವುದನ್ನು ನೋಡಿ ಕಬ್ಬಿನ ಸಾಲಿನಲ್ಲಿದ್ದ ಹೆಂಗಸರು ಮುಖ ತಿರುಗಿಸಿಕೊಂಡರು.

ಅಕ್ಕ ಪತ್ರ ಮುಟ್ಟಲಿಲ್ಲ.

"ನನಗ ಗೊತ್ತಿತ್ತು" ಎಂದಳು.

ನಾನು ತಲೆ ಎತ್ತಿದೆ.

"ನೀ ಸಹಿ ಮಾಡಿಸ್ಕೊಂಡ ಹ್ವಾದ ದಿನ, ಉಂಡ ಮ್ಯಾಲ, ನಾನಽ ಕೇಳ್ದೆ ಅವರಿಗೆ. ತಮ್ಮ ಕೊಯ್ಯೂದು ಅಂದ್ನಲ್ಲ, ಏನದು ಅಂತ. ಎಲ್ಲಾ ಬಿಡಿಸಿ ಹೇಳಿದ್ರು. ಕೊಯ್ಸಲಿಲ್ಲಂದ್ರ ಬರೂದಿಲ್ಲ ಅಂತನೂ ಹೇಳಿದ್ರು." ಅಕ್ಕ ಕಬ್ಬಿನ ಗರಿಯೊಂದನ್ನು ತೆಗೆದು ಉದ್ದಕ್ಕೆ ಸೀಳತೊಡಗಿದಳು. "ಆಮ್ಯಾಲ ಅಂದ್ರು, ಹಂಗೇನರ ಆದ್ರ ಕೊಯ್ಸಬಿಡು. ಅವ್ವನ ಮಾತ ಕೇಳಬ್ಯಾಡ. ಮಗಳು ಓದಲಿ. ನಾ ಮಲಕೊಂಡಽ ಹೋಗ್ತೀನಿ, ನನಗೇನ ತ್ರಾಸಿಲ್ಲ ಅಂತ. ನಗತಿದ್ರು. ನಾ ಅವರ ಬಾಯಿ ಮ್ಯಾಲ ಕೈಯಿಟ್ಟೆ."

ಗಾಳಿಗೆ ಕಬ್ಬು ಸರಸರ ಎನ್ನುತ್ತಿತ್ತು. ನನಗೆ ರೊಟ್ಟಿ ಬಡಿಯುವ ಸಪ್ಪಳ ನಿಂತದ್ದು ನೆನಪಾಯಿತು.

"ಮತ್ತ ಗಾಡ್ಯಾಗ ಯಾಕ ಕೇಳ್ದಿ ನನ್ನ? ಗೊತ್ತಿದ್ದ ಮ್ಯಾಲ ಯಾಕ ಕೇಳ್ದಿ?" ಎಂದೆ. ಅಳುವಿನ ನಡುವೆಯೂ ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ನೀ ಇಲ್ಲಾ ಅಂತಿ ಅಂತ ಗೊತ್ತಿತ್ತು. ಅದಕ್ಕಽ ಕೇಳ್ದೆ." ಅವಳು ನನ್ನ ಮುಖ ನೋಡಲಿಲ್ಲ. "ಅವರು ಕೊಯ್ಸು ಅಂದಿದ್ರು. ಅವರ ಕಡೀ ಮಾತ ನಾ ಮೀರಿದೆ ಅಂತ ಆಗಬಾರದಿತ್ತು. ತಮ್ಮ ಹೇಳ್ದ, ಏನೂ ತ್ರಾಸಿಲ್ಲ ಅಂದ, ಅದಕ್ಕ ಒಯ್ದ್ವಿ. ಹಂಗ ಆಗಬೇಕಿತ್ತು ನನಗ. ನಿನ್ನ ಸುಳ್ಳಿನ ಮರೆಗೆ ನಿಂತೆ ನೋಡು. ಆಯಿ ಇರೂತನಕ ಬಾಯಿ ಬಿಡಾಕ ಆಗಲಿಲ್ಲ. ಆಕಿಗೆ ಗೊತ್ತಾಗಿದ್ರ, ನನ್ನಿಂದ ಮೊಮ್ಮಗಳ ಓದು ಹೋತು ಅಂತ ಎದಿ ಒಡಕೋತಿದ್ಲು."

ಮೂರು ವರ್ಷ ನಾನು ಅವಳ ಕೈಯ ರೊಟ್ಟಿ ತಿಂದು, ಸುಳ್ಳು ಹೇಳಿ ಎದ್ದು ಬಂದಿದ್ದೆ. ಅದನ್ನು ಸುಳ್ಳೆಂದು ತಿಳಿದೇ ಅವಳು ಬಡಿಸಿದ್ದಳು. ನಾನು ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಜನರಿಗೆಲ್ಲ ತಲೆಯ ಮೇಲಿನ ಕೈ ಎಂದು ಹೇಳುತ್ತ ತಿರುಗಿದ ನನಗೆ, ನನ್ನ ತಲೆಯ ಮೇಲೆ ಯಾರ ಕೈ ಇತ್ತೆಂಬುದೇ ತಿಳಿದಿರಲಿಲ್ಲ.

"ಆಯಿ ಕಾಲ ಮಡಚಾಕತ್ತಿದ್ಲು, ನಾ ಕನ್ನಡ್ಯಾಗ ನೋಡಿದೆ ಅಕ್ಕಾ" ಎಂದೆ. "ಅದನ್ನ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. ಆಕಿ ಮಡಚಲಿಲ್ಲ ಅಂದಿದ್ರ ನಾ ಗೋಕಾಕಕ್ಕಽ ಒಯ್ತಿದ್ದೆ."

ಅಕ್ಕ ಸೀಳಿದ ಗರಿಯನ್ನು ಕೆಳಗೆ ಹಾಕಿದಳು. ಆಮೇಲೆ ಮಾಮಾನ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಗುಂಡಿ ಹಾಕಿಕೊಳ್ಳುತ್ತ ಎದ್ದಳು.

"ಆಯಿ ಮಡಚಿದ್ದು ಬಲಗಾಲು. ಮುದುಕಿ, ಆಕಿ ಕೈಲೆ ಎರಡೂ ಎಲ್ಲಿ ಆಗಬೇಕು" ಎಂದಳು. "ಎಡಗಾಲು ನಾ ಮಡಚಿದೆ ತಮ್ಮಾ. ಮಡಚಿ ಇಟ್ಟ ಮ್ಯಾಲ ನಿನ್ನ ಕೇಳಿದೆ."

ಅಷ್ಟು ಹೇಳಿ ಅವಳು ಕಬ್ಬಿನ ಸಾಲಿಗೆ ಇಳಿದಳು.